ಮೀನಿಗೂ ವಿಷಾದವೆ?

ವಿಷಾದವೆಂಬ ಮಾತು ನಮಗೆ ಹೊಸದಲ್ಲ. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಬಿಲ್ಲನ್ನು ಕೆಳಗಿಟ್ಟು ವೀರನೊಬ್ಬ ರಥದ ನಡುವೆ ಕುಸಿದು ಕುಳಿತ ಆ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಆದರೆ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅರ್ಜುನನ ವಿಷಾದ ನಮಗೆ ತಿಳಿದದ್ದು ಅವನು ಮಾತನಾಡಿದ್ದರಿಂದ. ಬಾಯಿಬಿಡದೆ ಬರಿದೆ ಕುಸಿದು ಕುಳಿತಿದ್ದರೆ, ನೋಡುವವರು ಅದನ್ನು ದಣಿವೆಂದಾರು, ಅಂಜಿಕೆಯೆಂದಾರು, ಬಿಸಿಲಿನ ತಾಪವೆಂದಾರು. ದುಃಖವನ್ನು ದುಃಖವೆಂದು ಗುರುತಿಸಲು ನಮಗೆ ನುಡಿಯ ನೆರವು ಬೇಕಾಗುತ್ತದೆ.

ಇನ್ನು ಮೀನು. ಮೀನಿಗೂ ಕಾವ್ಯಕ್ಕೂ ಹಳೆಯ ನಂಟು. ಕವಿಗಳು ಚೆಲುವೆಯ ಕಣ್ಣನ್ನು ಮೀನಿಗೆ ಹೋಲಿಸಿದರು; ಮನ್ಮಥನನ್ನು ಮೀನಕೇತನನೆಂದು ಕರೆದರು; ವಿರಹದಲ್ಲಿ ಬೇಯುವವರನ್ನು ನೀರಿನಿಂದ ತೆಗೆದ ಮೀನೆಂದರು; ಕುರುಹು ಉಳಿಸದ ನಡೆಗೆ ನೀರೊಳಗಣ ಮೀನಿನ ಹೆಜ್ಜೆಯನ್ನು ಉದಾಹರಿಸಿದರು. ಇಷ್ಟೆಲ್ಲ ಆದರೂ, ನೀರೊಳಗೇ ಇದ್ದು, ಉಣ್ಣಲು ಕೊರತೆಯಿಲ್ಲದೆ, ಶತ್ರುವಿನ ಸುಳಿವೂ ಇಲ್ಲದೆ, ಸುಮ್ಮನೆ ಮಂಕು ಹಿಡಿದು ಕುಳಿತ ಮೀನೊಂದನ್ನು ನಾನು ಯಾವ ಕಾವ್ಯದಲ್ಲಿಯೂ ಕಂಡಿಲ್ಲ. ಕವಿಗಳು ಕಾಣದಿದ್ದ ಈ ಮೀನನ್ನು ಈಗ ವಿಜ್ಞಾನಿಗಳು ಗಾಜಿನ ತೊಟ್ಟಿಯಲ್ಲಿ ಇಟ್ಟುಕೊಂಡಿದ್ದಾರೆ. ಮನುಷ್ಯರ ಖಿನ್ನತೆಗೆ ಮದ್ದು ಹುಡುಕುವ ಕೆಲಸದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಪಟ್ಟೆಮೀನು ಇಲಿಯ ಪಕ್ಕದಲ್ಲಿ ಸ್ಥಾನ ಪಡೆದಿದೆ. ಇದು ಹೇಗಾಯಿತು, ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಈ ಭಾಷಣದಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೆ ಒಂದು ಪದ ಒಂದು ಪ್ರಾಣಿಯಿಂದ ಇನ್ನೊಂದು ಪ್ರಾಣಿಗೆ ದಾಟುವಾಗ ಅದರ ಅರ್ಥಕ್ಕೆ ಏನಾಗುತ್ತದೆಂದು ಕೇಳುವುದು ಭಾಷೆಯ ವಿದ್ಯಾರ್ಥಿಗೂ ಸಲ್ಲುವ ಕೆಲಸವೇ.

ಕಥೆಯನ್ನು ಮೀನಿನಿಂದ ಅಲ್ಲ, ಮನುಷ್ಯನಿಂದಲೇ ಆರಂಭಿಸಬೇಕು. ಸ್ವಿಟ್ಜರ್ಲೆಂಡಿನಲ್ಲಿ, ಕಾನ್‌ಸ್ಟನ್ಸ್ ಸರೋವರದ ದಂಡೆಯ ಮೇಲೆ, ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಸಣ್ಣ ಊರಿದೆ. ಅಲ್ಲಿಯ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯನಿದ್ದ. ನೆರೆಯೂರಿನ ಲುಡ್ವಿಗ್ ಬಿನ್ಸ್‌ವಾಂಗರನ ಪ್ರಭಾವಕ್ಕೆ ಒಳಗಾಗಿದ್ದವನು, ತತ್ತ್ವಶಾಸ್ತ್ರದಲ್ಲಿ ಆಸಕ್ತಿಯುಳ್ಳವನು, ರೋಗಿಯ ಮಾತನ್ನು ಗಂಟೆಗಟ್ಟಲೆ ಕುಳಿತು ಕೇಳಬಲ್ಲವನು. ಬಾಸೆಲ್ ನಗರದ ಗೈಗಿ ಎಂಬ ಔಷಧ ಕಂಪನಿ ಜಿ 22355 ಎಂಬ ಸಂಖ್ಯೆಯ ಹೊಸ ರಾಸಾಯನಿಕವೊಂದನ್ನು ಪರೀಕ್ಷೆಗಾಗಿ ಅವನಿಗೆ ಕಳುಹಿಸಿತ್ತು. ಅದು ತೀವ್ರ ಚಿತ್ತವಿಭ್ರಮೆಯ ರೋಗಿಗಳಿಗೆ ನೆರವಾದೀತೆಂಬುದು ನಿರೀಕ್ಷೆ. ನೆರವಾಗಲಿಲ್ಲ. 1956ರ ಜನವರಿಯಲ್ಲಿ ಕೂನ್ ಅದನ್ನು ತೀವ್ರ ಖಿನ್ನತೆಯಲ್ಲಿದ್ದ ಮಹಿಳೆಯೊಬ್ಬಳಿಗೆ ಕೊಟ್ಟು ನೋಡಿದ. ವಾರ ಕಳೆಯುವುದರೊಳಗೆ ಆಕೆ ಬೇರೆಯೇ ಆದಳು. ಮುಂದೆ ಇನ್ನೂ ಹಲವರಲ್ಲಿ ಅದೇ ಬದಲಾವಣೆ ಕಂಡಿತು. ಮಾತು ಮರಳಿತು, ಮುಂಜಾನೆಯ ಭಾರ ಇಳಿಯಿತು, ಮನೆಯವರ ಮುಖ ನೋಡುವ ಮನಸ್ಸು ಬಂದಿತು. ಈ ಮದ್ದಿಗೆ ಮುಂದೆ ಇಮಿಪ್ರಮೀನ್ ಎಂಬ ಹೆಸರಾಯಿತು. 1957ರಲ್ಲಿ ಜೂರಿಕ್‌ನ ಜಾಗತಿಕ ಮನೋವೈದ್ಯ ಸಮ್ಮೇಳನದಲ್ಲಿ ಕೂನ್ ಇದನ್ನು ಕುರಿತು ಮಾತನಾಡಿದಾಗ ಕೇಳಲು ಕುಳಿತಿದ್ದವರು ಹತ್ತು ಹನ್ನೆರಡು ಮಂದಿಯಷ್ಟೆ!

ಅದೇ ಕಾಲಕ್ಕೆ ಅಮೆರಿಕದಲ್ಲಿ ಇನ್ನೊಂದು ಮದ್ದು ಹೊರಟಿತು. ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸೀ ವ್ಯೂ ಕ್ಷಯರೋಗ ಆಸ್ಪತ್ರೆಯಲ್ಲಿ ಇಪ್ರೊನಯಜಿಡ್ ಎಂಬ ಔಷಧವನ್ನು ಕೊಟ್ಟಾಗ, 1952ರ ಸುಮಾರಿಗೆ, ರೋಗಿಗಳು ಕಾಯಿಲೆಗೆ ಮೀರಿದ ಉತ್ಸಾಹ ತೋರಿದರು. ನೇಥನ್ ಕ್ಲೈನ್ ಎಂಬ ವೈದ್ಯನ ಯತ್ನದಿಂದ 1957ರಲ್ಲಿ ಅದು ಖಿನ್ನತೆಗೆ ಮದ್ದಾಯಿತು. ಈ ಎರಡು ಪ್ರಸಂಗಗಳಲ್ಲಿಯೂ ಖಿನ್ನತೆಯ ಮದ್ದನ್ನು ಮೊದಲು ಕಂಡುಹಿಡಿದದ್ದು ಯಾವ ಪ್ರಾಣಿಯ ಮೇಲಿನ ಪ್ರಯೋಗದಿಂದಲೂ ಅಲ್ಲ. ಮನುಷ್ಯರನ್ನು ನೋಡಿ, ಅವರ ಮಾತನ್ನು ಕೇಳಿ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಮದ್ದು ಸಿಕ್ಕ ಮೇಲೆ, ಅದಕ್ಕಿಂತ ಉತ್ತಮವಾದ ಮದ್ದು ಬೇಕೆನಿಸುವುದು ಸಹಜ. ಸಾವಿರಾರು ರಾಸಾಯನಿಕಗಳಲ್ಲಿ ಯಾವುದನ್ನು ಆರಿಸುವುದು? ಪ್ರತಿಯೊಂದನ್ನೂ ಮನುಷ್ಯನಿಗೆ ಕೊಟ್ಟು ನೋಡಲಾಗದು. ಹಾಗಾಗಿ ಪ್ರಾಣಿ ಬೇಕಾಯಿತು. ಇಲ್ಲಿ ನಮ್ಮ ದೇಶದ ಗಿಡಮೂಲಿಕೆಯೊಂದು ಕಥೆಯೊಳಕ್ಕೆ ಬರುತ್ತದೆ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಲು ಹಿಂದಿನಿಂದ ಬಲ್ಲರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗ ವೈದ್ಯರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಅದು ಉಪಯುಕ್ತವೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅದನ್ನು ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಅತ್ತ ಹೊರಳಿತು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞರು ಬೇರಿನ ಸಾರವನ್ನು ಬೇರ್ಪಡಿಸಿ ರಿಸರ್ಪೀನ್ ಎಂದು ಕರೆದರು. ರಕ್ತದೊತ್ತಡಕ್ಕಾಗಿ ಅದನ್ನು ಸೇವಿಸಿದವರಲ್ಲಿ ಕೆಲವರು ಮಂಕಾದರೆಂದು ವರದಿಗಳು ಬಂದವು. ಪ್ರಾಣಿಗಳಿಗೆ ಕೊಟ್ಟಾಗ ಅವು ಕಣ್ಣು ಅರೆಮುಚ್ಚಿ, ಬೆನ್ನು ಬಾಗಿಸಿ, ಕದಲದೆ ಕುಳಿತವು. ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಅವರ ಸಂಗಡಿಗರು 1955ರಲ್ಲಿ, ರಿಸರ್ಪೀನ್ ಮಿದುಳಿನಲ್ಲಿನ ಸಿರೊಟೋನಿನ್ ಎಂಬ ದ್ರವ್ಯದ ಸಂಗ್ರಹವನ್ನು ಬರಿದು ಮಾಡುತ್ತದೆಂದು ತೋರಿಸಿದರು. ಇಮಿಪ್ರಮೀನ್ ಕೊಟ್ಟರೆ ಈ ಜಡತೆಗೆ ತಡೆಯಾಗುತ್ತಿತ್ತು. ಅಲ್ಲಿಗೆ ಖಿನ್ನತೆಗೊಂದು ಮಾದರಿ ಪ್ರಾಣಿ ಸಿಕ್ಕಿತೆಂದು ಎಲ್ಲರೂ ಭಾವಿಸಿದರು. ರಿಸರ್ಪೀನ್ ನಿಜಕ್ಕೂ ಮನುಷ್ಯನಲ್ಲಿ ಖಿನ್ನತೆ ತರುತ್ತದೆಯೆ ಎಂಬುದು ಇಂದಿಗೂ ವಿವಾದದ ವಿಷಯವೇ ಆಗಿದೆಯೆಂಬುದು ಬೇರೆ ಮಾತು.

1977ರಲ್ಲಿ ರೋಜರ್ ಪೋರ್ಸೋಲ್ಟ್ ಎಂಬಾತ ಇನ್ನೊಂದು ಪರೀಕ್ಷೆಯನ್ನು ರೂಪಿಸಿದ. ನೀರು ತುಂಬಿದ ಗಾಜಿನ ಕೊಳವೆಯೊಳಗೆ ಇಲಿಯನ್ನು ಬಿಡುವುದು. ಹತ್ತಿ ಬರಲು ದಾರಿಯಿಲ್ಲ. ಇಲಿ ಮೊದಲು ಕೈಕಾಲು ಬಡಿಯುತ್ತದೆ, ಗೋಡೆ ಕೆರೆಯುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಮೂಗನ್ನಷ್ಟೇ ಮೇಲಿಟ್ಟು ತೇಲತೊಡಗುತ್ತದೆ. ಈ ತೇಲುವಿಕೆಗೆ ಹತಾಶೆಯೆಂದು ಹೆಸರಿಟ್ಟರು. ಇಮಿಪ್ರಮೀನ್‌ನಂತಹ ಮದ್ದು ಕೊಟ್ಟ ಇಲಿ ಹೆಚ್ಚು ಹೊತ್ತು ಈಜುತ್ತದೆ. ಅಗ್ಗದ, ಸುಲಭದ ಪರೀಕ್ಷೆ; ಜಗತ್ತಿನ ಪ್ರಯೋಗಶಾಲೆಗಳೆಲ್ಲ ಅದನ್ನು ಹಿಡಿದುಕೊಂಡವು. ಆದರೆ ತೇಲುವ ಇಲಿ ಹತಾಶವಾಗಿದೆಯೋ, ಇಲ್ಲವೆ ವೃಥಾ ಬಡಿದಾಡಿ ಬಲ ಕಳೆದುಕೊಳ್ಳುವುದು ಬೇಡವೆಂಬ ಜಾಣತನವನ್ನು ಕಲಿತಿದೆಯೋ? ಈ ಪ್ರಶ್ನೆಗೆ ಇಲಿಯೇ ಉತ್ತರ ಹೇಳಬೇಕು, ಅದು ಹೇಳುವುದಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2024ರಲ್ಲಿ ಈ ಪರೀಕ್ಷೆಯನ್ನು ಕಾನೂನಿನ ಮೂಲಕವೇ ನಿಷೇಧಿಸಿತು.

ನೀರಿನಲ್ಲಿ ಮುಳುಗಿಸಿ ಇಲಿಯನ್ನು ಪರೀಕ್ಷಿಸುತ್ತಿದ್ದವರು ನೀರಿನಲ್ಲಿಯೇ ಹುಟ್ಟಿ ಬೆಳೆದ ಜೀವಿಯ ಕಡೆಗೆ ತಿರುಗಿದ್ದು ತೀರ ಈಚೆಗೆ. ಆ ಜೀವಿಯ ವಂಶಚರಿತ್ರೆಯಲ್ಲಿ ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಪರಿಚಿತವಾದ ಒಂದು ಹೆಸರಿದೆ. ಟಿಪ್ಪುವಿನ ಪತನದ ಮರುವರ್ಷ, 1800ರ ಏಪ್ರಿಲ್ ತಿಂಗಳಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನನ್ನು ನಾವು ಬಲ್ಲೆವು. ಊರೂರಿನ ಬೆಳೆ, ಕೂಲಿ, ನೀರಾವರಿ, ಜಾತಿ, ಕಸುಬು ಎಲ್ಲವನ್ನೂ ಕೇಳಿ ಬರೆದುಕೊಂಡು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದವನು ಅವನು. ನಮ್ಮ ಗ್ರಾಮಜೀವನದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ ಬಳಿಗೆ ಹೋಗದೆ ಗತಿಯಿಲ್ಲ. ಅದೇ ಬುಕಾನನ್ ಮುಂದೆ ಬಂಗಾಳದ ಸಮೀಕ್ಷೆಗೆ ನೇಮಕಗೊಂಡು, ಗಂಗೆಯ ಮತ್ತು ಅದರ ಉಪನದಿಗಳ ಮೀನುಗಳನ್ನು ಬೆಸ್ತರಿಂದ ತರಿಸಿ ಒಂದೊಂದನ್ನೂ ಪರೀಕ್ಷಿಸಿದ. ಸ್ಕಾಟ್ಲೆಂಡಿಗೆ ಹಿಂತಿರುಗಿ, ತಾಯಿಯ ಕಡೆಯ ಆಸ್ತಿ ಬಂದು, ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಮೇಲೆ, 1822ರಲ್ಲಿ ಎಡಿನ್‌ಬರೋದಿಂದ ಅವನ ಮೀನಿನ ಗ್ರಂಥ ಹೊರಬಂದಿತು. ಹೀಗಾಗಿ ನಮ್ಮ ಇತಿಹಾಸಕಾರರ ಬುಕಾನನ್ನನೂ ಮೀನುಶಾಸ್ತ್ರಜ್ಞರ ಹ್ಯಾಮಿಲ್ಟನ್ನನೂ ಒಬ್ಬನೇ.

ನೂರಕ್ಕೂ ಮೀರಿದ ಮೀನುಗಳಿಗೆ ಶಾಸ್ತ್ರದಲ್ಲಿ ಮೊದಲ ಸಲ ಹೆಸರು ಸಿಕ್ಕಿದ್ದು ಆ ಗ್ರಂಥದಲ್ಲಿ. ಅವನ ಒಂದು ಗುಣ ನನಗೆ ಮೆಚ್ಚುಗೆಯಾಗುತ್ತದೆ. ಬೆಸ್ತರ ಬಾಯಲ್ಲಿದ್ದ ಹೆಸರುಗಳನ್ನು ತಳ್ಳಿಹಾಕದೆ, ಅವುಗಳಿಗೇ ಲ್ಯಾಟಿನ್ನಿನ ಅಂಗಿ ತೊಡಿಸಿದ. ಇಂದು ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳ ಶಾಸ್ತ್ರೀಯ ನಾಮಗಳು ಬಂದದ್ದು ಅಲ್ಲಿಂದಲೇ. ಆ ಪುಸ್ತಕದಲ್ಲಿ ಆಹಾರಕ್ಕೂ ಬಾರದ, ಮೈಮೇಲೆ ನೀಲಿಗೆರೆಗಳಿರುವ ಒಂದು ಪುಟ್ಟ ಮೀನಿನ ವರ್ಣನೆಯೂ ಇದೆ. ಅದಕ್ಕೆ ಅವನು ರೇರಿಯೊ ಎಂಬ ಹೆಸರನ್ನು ಕೊಟ್ಟ. ಇಂದಿನ ಶಾಸ್ತ್ರೀಯ ನಾಮ ಡ್ಯಾನಿಯೊ ರೇರಿಯೊ. ಡ್ಯಾನಿಯೊ ಎಂಬುದು ಭತ್ತದ ಗದ್ದೆಗೆ ಸಂಬಂಧಿಸಿದ ಬಂಗಾಳಿ ಶಬ್ದದಿಂದ ಬಂದಿತೆನ್ನುತ್ತಾರೆ. ಧಾನ್ಯವೆಂಬ ಶಬ್ದ ಗೊತ್ತಿರುವ ನಮಗೆ ಇದನ್ನು ನಂಬಲು ಕಷ್ಟವಿಲ್ಲ. ಗದ್ದೆಯ ಅಂಚಿನ ನಿಂತ ನೀರು, ಹುಲ್ಲು ಬೆಳೆದ ಕಾಲುವೆ ಇವೇ ಅದರ ನೆಲೆ.

ಆ ಮೀನು ಅಲಂಕಾರದ ತೊಟ್ಟಿಗಳ ಮೂಲಕ ಪಶ್ಚಿಮಕ್ಕೆ ಹೋಯಿತು, ಜೀಬ್ರಾ ಮೀನೆನಿಸಿಕೊಂಡಿತು. ಅದನ್ನು ಪ್ರಯೋಗಶಾಲೆಯ ಪ್ರಾಣಿಯಾಗಿ ಮಾಡಿದ ಕೀರ್ತಿ ಜಾರ್ಜ್ ಸ್ಟ್ರೈಸಿಂಗರನಿಗೆ ಸಲ್ಲಬೇಕು. 1927ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಯಹೂದ್ಯರ ಮೇಲಿನ ಹಿಂಸೆಗೆ ಹೆದರಿ ಬಾಲ್ಯದಲ್ಲಿಯೇ ಕುಟುಂಬದೊಡನೆ ಅಮೆರಿಕಕ್ಕೆ ಬಂದವನು. ಬ್ಯಾಕ್ಟೀರಿಯಗಳನ್ನು ಕಾಡುವ ವೈರಸ್ಸುಗಳ ಅಧ್ಯಯನದಲ್ಲಿ ಹೆಸರು ಮಾಡಿದ ಮೇಲೆ, ಬೆನ್ನುಮೂಳೆಯುಳ್ಳ ಪ್ರಾಣಿಯ ನರಮಂಡಲ ಹೇಗೆ ಬೆಳೆಯುತ್ತದೆಂಬುದನ್ನು ಅದೇ ಶಿಸ್ತಿನಿಂದ ಅರಿಯಬೇಕೆಂಬ ಹಂಬಲ ಅವನಿಗೆ ಹುಟ್ಟಿತು. 1960ರ ದಶಕದ ಕೊನೆಗೆ ಆರಿಗನ್ ವಿಶ್ವವಿದ್ಯಾಲಯದಲ್ಲಿ ಈ ಮೀನುಗಳನ್ನು ಸಾಕತೊಡಗಿದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದೇನನ್ನೂ ಪ್ರಕಟಿಸದೆ ತೊಟ್ಟಿಗಳ ನಡುವೆ ದುಡಿದ. 1981ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವನ ಲೇಖನ ಬಂದಿತು. ಮೂರು ವರ್ಷಕ್ಕೆ, 1984ರಲ್ಲಿ, ತೀರಿಕೊಂಡ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಇಷ್ಟು ದೀರ್ಘವಾಗಿ ಮೌನವಾಗಿರುವ ಅಧ್ಯಾಪಕನ ಕೆಲಸ ಉಳಿದೀತೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್ ನಗರಗಳ ಎರಡು ತಂಡಗಳು ಸಾವಿರಾರು ಮಾರ್ಪಟ್ಟ ತಳಿಗಳನ್ನು ಒಟ್ಟಿಗೆ ಪ್ರಕಟಿಸಿದ ಮೇಲೆ ಜೀಬ್ರಾ ಮೀನಿನ ಯುಗ ನಿಜವಾಗಿ ಆರಂಭವಾಯಿತು. 2013ರಲ್ಲಿ ಅದರ ವಂಶವಾಹಿಗಳ ಪೂರ್ಣ ಪಟ್ಟಿ ಸಿದ್ಧವಾದಾಗ ಕಂಡದ್ದೇನೆಂದರೆ, ಮನುಷ್ಯನ ನೂರು ವಂಶವಾಹಿಗಳಲ್ಲಿ ಸುಮಾರು ಎಪ್ಪತ್ತಕ್ಕೆ ಈ ಮೀನಿನಲ್ಲಿ ಸರಿಸಾಟಿಯಾದುದು ಇದೆ.

ಇದರ ಅನುಕೂಲಗಳು ಬಹಳ. ಮೊಟ್ಟೆಯೂ ಮರಿಯೂ ಪಾರದರ್ಶಕ. ಬದುಕಿರುವ ಮರಿಯ ಮಿದುಳು ಕೆಲಸ ಮಾಡುವುದನ್ನೇ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಮೂರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಮದ್ದನ್ನು ಚುಚ್ಚಬೇಕಾಗಿಲ್ಲ, ನೀರಿಗೆ ಬೆರೆಸಿದರೆ ಸಾಕು. ಇವುಗಳಿಗಿಂತ ಮಿಗಿಲಾದ ಇನ್ನೊಂದು ಸಾಮ್ಯವಿದೆ. ನಮಗೆ ಸಂಕಟ ಒದಗಿದಾಗ ರಕ್ತಕ್ಕೆ ಇಳಿಯುವ ದ್ರವ್ಯ ಕಾರ್ಟಿಸಾಲ್. ಇಲಿಗಳಲ್ಲಿ ಆ ಕೆಲಸಕ್ಕೆ ಬೇರೊಂದು ದ್ರವ್ಯವಿದೆ. ಮೀನಿನಲ್ಲಿಯಾದರೋ ನಮ್ಮ ಕಾರ್ಟಿಸಾಲೇ. ನಮ್ಮ ಹಾಗೆ ಹಗಲು ಎಚ್ಚರವಿದ್ದು ರಾತ್ರಿ ಮಲಗುವುದೂ ಮೀನೇ, ಇಲಿಯಲ್ಲ. ಇಷ್ಟಾಗಿಯೂ, ನಮ್ಮ ವಿಚಾರಶಕ್ತಿಗೆ ಆಧಾರವೆನ್ನಲಾಗುವ ಮಿದುಳಿನ ಮೇಲ್ಪದರ ಮೀನಿಗೆ ಇಲ್ಲವೆಂಬುದನ್ನು ಹೇಳದಿದ್ದರೆ ಅರ್ಧಸತ್ಯವಾದೀತು.

ಮೀನಿನ ಮನಸ್ಸನ್ನು ಅಳೆಯುವುದು ಹೇಗೆ? 2007ರಿಂದೀಚೆಗೆ ಬಳಕೆಗೆ ಬಂದ ಒಂದು ವಿಧಾನ ತೀರ ಸರಳವಾದದ್ದು. ಮೀನನ್ನು ಹೊಸ ತೊಟ್ಟಿಗೆ ಬಿಡುತ್ತಾರೆ. ಅದು ಕೂಡಲೇ ತಳಕ್ಕೆ ಇಳಿಯುತ್ತದೆ. ಅಪಾಯವಿಲ್ಲವೆಂದು ಕ್ರಮೇಣ ಮನಗಂಡು ಮೇಲಕ್ಕೆ ಬಂದು ಸುತ್ತಾಡುತ್ತದೆ. ಐದಾರು ನಿಮಿಷದಲ್ಲಿ ಮೇಲ್ಭಾಗದಲ್ಲಿ ಎಷ್ಟು ಹೊತ್ತು ಕಳೆಯಿತೆಂಬುದೇ ಅಳತೆ. ಫ್ಲುಯಾಕ್ಸೆಟಿನ್ ಎಂಬುದು 1987ರ ಕೊನೆಗೆ ಅಮೆರಿಕದಲ್ಲಿ ಮಂಜೂರಾಗಿ ಪ್ರೊಜಾಕ್ ಎಂಬ ಹೆಸರಿನಿಂದ ಮನೆಮಾತಾದ ಮದ್ದು. ಅದನ್ನು ಬೆರೆಸಿದ ನೀರಿನಲ್ಲಿ ಎರಡು ವಾರ ಇದ್ದ ಮೀನು ಬೇಗ ಮೇಲೇಳುತ್ತದೆ. 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಬಗೆಯ ಪ್ರಯೋಗಗಳನ್ನು ವಿವರಿಸುತ್ತ, ಮೀನಿನ ಖಿನ್ನತೆ ತಮಾಷೆಯ ಮಾತಲ್ಲವೆಂಬ ಅರ್ಥದ ತಲೆಬರಹ ಕೊಟ್ಟಿತ್ತು. ತಮಾಷೆಯಲ್ಲ, ನಿಜ. ಆದರೆ ಹೊಸ ಜಾಗದಲ್ಲಿ ತಳ ಹಿಡಿಯುವುದು ಭಯ, ಖಿನ್ನತೆ ಅಲ್ಲ. ಹೊಸ ಶಾಲೆಗೆ ಸೇರಿದ ಮಗು ಮೊದಲ ದಿನ ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತರೆ ಅದನ್ನು ಯಾರೂ ಖಿನ್ನತೆಯೆನ್ನುವುದಿಲ್ಲ. ವಾರ ಕಳೆದರೂ ತಿಂಗಳು ಕಳೆದರೂ ಅಲ್ಲಿಯೇ ಕುಳಿತಿದ್ದರೆ ಮಾತ್ರ ಮೇಷ್ಟ್ರು ಚಿಂತಿಸಬೇಕು.

ಅಂತಹ ಮೀನೊಂದು ಸಿಕ್ಕಿದ್ದು ಕ್ಯಾಲಿಫೋರ್ನಿಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹರ್ವಿಗ್ ಬೈಯರನ ತಂಡ ಮೀನುಗಳ ದೃಷ್ಟಿದೋಷವನ್ನು ಹುಡುಕುತ್ತಿದ್ದಾಗ ಈ ತಳಿ ಕೈಗೆ ಬಂದಿತು. ಅದರ ಒಂದು ವಂಶವಾಹಿ ಕೆಟ್ಟಿತ್ತು. ಕಾರ್ಟಿಸಾಲಿನ ಕರೆಯನ್ನು ಕೇಳಿಸಿಕೊಳ್ಳಬೇಕಾದ ಗ್ರಾಹಕ ಕಿವುಡಾಗಿತ್ತು. ಸಂಕಟ ಮುಗಿಯಿತು, ಇನ್ನು ಸಾಕು ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತಲೇ ಇರಲಿಲ್ಲ; ಹೀಗಾಗಿ ಕಾರ್ಟಿಸಾಲ್ ಏರಿಯೇ ಇರುತ್ತಿತ್ತು. ಮನುಷ್ಯರಲ್ಲಿ ತೀವ್ರ ಖಿನ್ನತೆಗೆ ಒಳಗಾದ ಅನೇಕರಲ್ಲಿಯೂ ಈ ಹದ ತಪ್ಪಿರುತ್ತದೆ. ಈ ಮೀನನ್ನು ಹೊಸ ತೊಟ್ಟಿಗೆ ಬಿಟ್ಟರೆ ಕದಲದೆ ನಿಂತುಬಿಡುತ್ತಿತ್ತು. ಮರುದಿನವೂ ಹಾಗೆಯೇ, ಮತ್ತೆ ಮತ್ತೆ ಬಿಟ್ಟರೂ ಹಾಗೆಯೇ. ಇತರ ಮೀನುಗಳಿಗೆ ಬರುವ ರೂಢಿ ಇದಕ್ಕೆ ಬರಲಿಲ್ಲ. ನೀರಿಗೆ ಫ್ಲುಯಾಕ್ಸೆಟಿನ್ ಬೆರೆಸಿದಾಗ ನಡವಳಿಕೆ ಸರಿಹೋಯಿತು. ಇಷ್ಟೇ ಆಗಿದ್ದರೆ ನಾನು ಇದನ್ನು ಇಷ್ಟು ವಿಸ್ತಾರವಾಗಿ ಹೇಳುತ್ತಿರಲಿಲ್ಲ. ಮದ್ದು ಇಲ್ಲದೆಯೂ, ಬೇರೆ ಮೀನುಗಳ ಸಹವಾಸ ಒದಗಿಸಿದಾಗ ಕೂಡ ಅದು ಸರಿಹೋಯಿತು! 2013ರ ಸಂಶೋಧನ ಲೇಖನದಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಪತ್ರಿಕೆಗಳಲ್ಲಿ ಮದ್ದಿನ ಮಾತು ದೊಡ್ಡದಾಗಿ ಬರುತ್ತದೆ. ಜೊತೆಗಾರರನ್ನು ಸೀಸೆಯಲ್ಲಿ ತುಂಬಿ ಮಾರಲು ಬಾರದಷ್ಟೆ.

2019ರಲ್ಲಿ ವರ್ಜೀನಿಯದ ಜನೀಲಿಯ ಸಂಶೋಧನ ಕೇಂದ್ರದಿಂದ ಬಂದ ಕೆಲಸ ಇನ್ನೂ ಆಳಕ್ಕೆ ಹೋಯಿತು. ಮರಿಮೀನನ್ನು ಒಂದೆಡೆ ನಿಲ್ಲಿಸಿ, ಅದು ಈಜಲು ಯತ್ನಿಸಿದಾಗ ಕೆಳಗಿನ ಚಿತ್ರ ಹಿಂದಕ್ಕೆ ಸರಿಯುವಂತೆ ಮಾಡಿದ್ದರು. ತಾನು ಮುಂದೆ ಸಾಗುತ್ತಿದ್ದೇನೆಂದು ಮೀನಿಗೆ ಅನಿಸಬೇಕು. ಆಮೇಲೆ ಆ ಚಿತ್ರವನ್ನು ನಿಲ್ಲಿಸಿಬಿಟ್ಟರು. ಎಷ್ಟು ಈಜಿದರೂ ಇದ್ದಲ್ಲೇ ಇದ್ದಂತೆ. ಮೀನು ಮೊದಲು ಹೆಚ್ಚು ಬಲ ಹಾಕಿತು. ಆಮೇಲೆ ಯತ್ನವನ್ನೇ ಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಯತ್ನಿಸಿತು. ಮಿದುಳಿನಲ್ಲಿ ಸೋಲಿನ ಲೆಕ್ಕವನ್ನು ಕೂಡಿಸುತ್ತ ಬಂದದ್ದು ನರಕೋಶಗಳಲ್ಲ, ಅವುಗಳಿಗೆ ಬರಿಯ ಆಸರೆಯೆಂದು ಬಹುಕಾಲ ಭಾವಿಸಿದ್ದ ಗ್ಲಯಾ ಕೋಶಗಳು. ಇದೇ ಜಾಡಿನ ಮುಂದಿನ ಪ್ರಯೋಗಗಳಲ್ಲಿ, ಖಿನ್ನತೆಯನ್ನು ಕೆಲವೇ ಗಂಟೆಗಳಲ್ಲಿ ತಗ್ಗಿಸಬಲ್ಲದೆಂದು ಹೆಸರಾದ ಕೆಟಮಿನ್ ಎಂಬ ಮದ್ದನ್ನು ಸ್ವಲ್ಪ ಹೊತ್ತು ಕೊಟ್ಟ ಮೀನುಗಳು ಕೈಬಿಡದೆ ಹೆಚ್ಚು ಹೊತ್ತು ಯತ್ನಿಸಿದವು. ಪ್ರಯತ್ನಪಟ್ಟು ಫಲ ಕಾಣದೆ ಕೈಚೆಲ್ಲುವುದು ಖಿನ್ನತೆಯ ಒಂದು ಎಳೆ, ಪೂರ್ಣ ವಸ್ತ್ರವಲ್ಲ. ಆದರೆ ಆ ಎಳೆಯನ್ನು ಹಿಡಿದು ಇಷ್ಟು ದೂರ ಹೋಗಲು ಮನುಷ್ಯನ ಮುಚ್ಚಿದ ತಲೆಬುರುಡೆಯೊಳಗೆ ಸಾಧ್ಯವಿರಲಿಲ್ಲ. ಮೀನಿನ ನಿಜವಾದ ಉಪಕಾರ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಸಾಹಿತ್ಯದ ಓದುಗರಿಗೆ ಪ್ರಿಯವಾಗಬಹುದಾದ ಇನ್ನೊಂದು ಪ್ರಯೋಗ ಫ್ರಾನ್ಸಿನ ಡೀಜೋನ್ ನಗರದ್ದು. ಅದೂ 2019ರದೇ. ಜೋಡಿಯಾಗಿ ಬಾಳುವ ಮಧ್ಯ ಅಮೆರಿಕದ ಸಿಕ್ಲಿಡ್ ಎಂಬ ಜಾತಿಯ ಮೀನು. ಒಂದು ಬಗೆಯ ಪೆಟ್ಟಿಗೆಯಲ್ಲಿ ತಿನಿಸು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ ಎಂದು ಹೆಣ್ಣುಮೀನಿಗೆ ಕಲಿಸಿ, ಆಮೇಲೆ ಎತ್ತಲೂ ಸೇರದ ಮೂರನೆಯ ಪೆಟ್ಟಿಗೆಯನ್ನು ಎದುರಿಗಿಟ್ಟರು. ತಾನು ಆರಿಸಿಕೊಂಡ ಗಂಡಿನಿಂದ ಅಗಲಿಸಲ್ಪಟ್ಟ ಹೆಣ್ಣು ಆ ಸಂದಿಗ್ಧ ಪೆಟ್ಟಿಗೆಯ ಕಡೆಗೆ ಹೋಗಲು ತಡಮಾಡಿತು; ಅದರಲ್ಲೇನಿದ್ದೀತು ಎಂಬ ನಿರಾಶೆ ಅದಕ್ಕಿದ್ದಂತೆ. ತಾನು ಬಯಸದ ಗಂಡು ದೂರವಾದಾಗ ಹೀಗೆ ಆಗಲಿಲ್ಲ. ವಿರಹಿಯನ್ನು ಮೀನಿಗೆ ಹೋಲಿಸಿದ ನಮ್ಮ ಕವಿಗಳು ಇದನ್ನು ಕೇಳಿದ್ದರೆ ಉಪಮಾನ ಉಪಮೇಯಗಳು ಅದಲುಬದಲಾದವೆಂದು ನಗುತ್ತಿದ್ದರೇನೋ.

ಹೀಗೆಲ್ಲ ಹೇಳಿದ ಮೇಲೂ ಮೂಲದ ತೊಡಕು ಉಳಿದೇ ಇದೆ. ಕೂನ್ ಇಮಿಪ್ರಮೀನನ್ನು ಕಂಡುಕೊಂಡದ್ದು ಮನುಷ್ಯರಿಂದ. ಆ ಮದ್ದಿಗೆ ಇಲಿ ಪ್ರತಿಕ್ರಿಯಿಸುತ್ತದೆಯೆಂದು ತೋರಿದಾಗ ಇಲಿಯ ಪರೀಕ್ಷೆ ಸರಿಯೆನಿಸಿಕೊಂಡಿತು. ಇಲಿಯಲ್ಲಿ ಗೆದ್ದ ಮದ್ದಿಗೆ ಮೀನೂ ಪ್ರತಿಕ್ರಿಯಿಸಿದಾಗ ಮೀನಿನ ಪರೀಕ್ಷೆ ಸರಿಯೆನಿಸಿಕೊಂಡಿತು. ಹಳೆಯ ಮದ್ದನ್ನು ಗುರುತಿಸಲು ರೂಪಿಸಿದ ಜರಡಿಯಲ್ಲಿ ಹಳೆಯ ಮದ್ದಿನಂಥದೇ ಮತ್ತೆ ಮತ್ತೆ ಉಳಿಯುತ್ತದೆ. ಸಿರೊಟೋನಿನ್ ಕಡಿಮೆಯಾದದ್ದೇ ಖಿನ್ನತೆಯೆಂಬ ಸರಳ ವಿವರಣೆ ಸಾಲದೆಂದು ಈಗ ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಆದರೆ ಪರೀಕ್ಷೆಗಳು ಬಹುಪಾಲು ಆ ಕಾಲದವೇ. ಈಗಿರುವ ಮದ್ದುಗಳಿಂದ ಗುಣ ಕಾಣದ ರೋಗಿಗಳು ಎಷ್ಟೋ ಮಂದಿ ಇದ್ದಾರೆ. ಅವರು ಕಾಯುತ್ತಿರುವುದು ಹೊಸದಕ್ಕೆ. ಹಳೆಯದರ ತಮ್ಮನಿಗೋ ತಂಗಿಗೋ ಅಲ್ಲ. ಅಪರಾಧಭಾವ, ಬಾಳು ಬೇಡವೆನ್ನುವ ಯೋಚನೆ, ಕಳೆದುಹೋದದ್ದರ ನೆನಪು ಇವು ಮೀನಿನಲ್ಲಿ ಇವೆಯೋ ಇಲ್ಲವೋ, ಅಳೆಯುವ ಉಪಾಯವಂತೂ ಇಲ್ಲ. ಮೀನು ಕದಲದೆ ನಿಂತಿತು ಎಂದು ಬರೆಯುವ ಕಡೆ ಮೀನು ಖಿನ್ನವಾಯಿತು ಎಂದು ಬರೆದಾಗ, ಒಂದು ಪದ ತನ್ನ ಶಕ್ತಿಗೆ ಮೀರಿದ ಹೊರೆಯನ್ನು ಹೊರುತ್ತದೆ.

ಇನ್ನೊಂದು ಸಂದಿಗ್ಧವಿದೆ. ಮೀನಿಗೆ ದುಃಖವಿಲ್ಲವಾದರೆ ಅದು ನಮ್ಮ ದುಃಖಕ್ಕೆ ಮಾದರಿಯಾಗಲಾರದು. ದುಃಖವಿದೆಯಾದರೆ, ಬೇಕೆಂದೇ ಅದಕ್ಕೆ ದುಃಖ ಕೊಡಲು ನಮಗೇನು ಹಕ್ಕು? 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನುಹುಳದ ವಿಷವನ್ನೋ ಹುಳಿಯಾಮ್ಲವನ್ನೋ ಚುಚ್ಚಿ ನೋಡಿದರು. ಮೀನುಗಳು ಉಣ್ಣುವುದನ್ನು ಬಿಟ್ಟವು. ಕೆಲವು ತುಟಿಯನ್ನು ತ‌ಳದ ಕಲ್ಲುಗಳಿಗೆ ಉಜ್ಜಿಕೊಂಡವು. ಇದು ನೋವೇ ಎಂದು ಹಲವರು, ಮಿದುಳಿನ ಮೇಲ್ಪದರವಿಲ್ಲದೆ ನೋವಿನ ಅರಿವು ಹೇಗೆಂದು ಕೆಲವರು. ವಾದ ಮುಗಿದಿಲ್ಲ.

ನುಡಿಯಿಲ್ಲದ ಪ್ರಾಣಿಯ ವಿಷಯ ಹೀಗಾಯಿತು. ನುಡಿಯುಳ್ಳವರ ವಿಷಯದಲ್ಲಿ ನಾವು ಮಾಡಿದ್ದೇನು? ಮ್ಯೂನ್‌ಸ್ಟರ್‌ಲಿಂಗೆನ್ ಆಸ್ಪತ್ರೆಯ ದಾಖಲೆಗಳನ್ನು ಇತಿಹಾಸಕಾರರ ತಂಡವೊಂದು ಶೋಧಿಸಿ 2019ರಲ್ಲಿ ಗ್ರಂಥವನ್ನು ಪ್ರಕಟಿಸಿತು. 1940ರ ದಶಕದಿಂದ 1980ರವರೆಗೆ ಅಲ್ಲಿ ಸುಮಾರು ಮೂರು ಸಾವಿರ ರೋಗಿಗಳ ಮೇಲೆ ಹತ್ತಾರು ಬಗೆಯ ಪರೀಕ್ಷಾರ್ಥ ಮದ್ದುಗಳನ್ನು ಪ್ರಯೋಗಿಸಿದ್ದರು. ಅವರಲ್ಲಿ ಬಹುಮಂದಿಗೆ ಅದು ಗೊತ್ತೇ ಇರಲಿಲ್ಲ. ರೋಗಿಯ ಮಾತನ್ನು ಅಷ್ಟು ಚೆನ್ನಾಗಿ ಕೇಳಬಲ್ಲವನಾಗಿದ್ದ ಕೂನ್, ಅವರ ಒಪ್ಪಿಗೆಯನ್ನು ಮಾತ್ರ ಅನೇಕ ವೇಳೆ ಕೇಳಿರಲಿಲ್ಲ.

ಮೀನುಗಳ ಮೇಲೆ ಇನ್ನೊಂದು ಪ್ರಯೋಗವೂ ನಡೆಯುತ್ತಿದೆ. ಅದಕ್ಕೆ ಪ್ರಯೋಗಶಾಲೆಯಿಲ್ಲ, ಪ್ರಯೋಗ ಮಾಡುತ್ತಿರುವವರಿಗೆ ಅದರ ಅರಿವೂ ಇಲ್ಲ. ನಾವು ನುಂಗಿದ ಮದ್ದು ಪೂರ್ತಿ ಜೀರ್ಣವಾಗುವುದಿಲ್ಲ. ಚರಂಡಿಯ ಮೂಲಕ, ಶುದ್ಧೀಕರಣ ಕೇಂದ್ರಗಳನ್ನೂ ದಾಟಿ, ನದಿಗೆ ಸೇರುತ್ತದೆ. 2005ರಲ್ಲಿ ಅಮೆರಿಕದ ಟೆಕ್ಸಾಸಿನ ಹೊಳೆಯೊಂದರ ಮೀನುಗಳ ಮೈಯಲ್ಲಿ ಫ್ಲುಯಾಕ್ಸೆಟಿನ್ ಇರುವುದನ್ನು ವಿಜ್ಞಾನಿಗಳು ವರದಿ ಮಾಡಿದರು. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ತೋಮಾಸ್ ಬ್ರೋಡಿನ್ ಮತ್ತು ಸಂಗಡಿಗರು ಫ್ಯೂರಿಸ್ ನದಿಯ ಮೀನುಗಳಲ್ಲಿ ಆಕ್ಸಜೆಪಾಮ್ ಎಂಬ, ಆತಂಕವನ್ನು ತಗ್ಗಿಸುವ ಮದ್ದನ್ನು ಕಂಡರು. ಅದೇ ಮದ್ದು ಬೆರೆತ ನೀರಿನಲ್ಲಿ ಪರ್ಚ್ ಎಂಬ ಮೀನುಗಳನ್ನು ಇಟ್ಟು ನೋಡಿದಾಗ ಕಂಡುದನ್ನು 2013ರಲ್ಲಿ ಪ್ರಕಟಿಸಿದರು. ಮೀನುಗಳು ಧೈರ್ಯಗೊಂಡವು, ಚುರುಕಾದವು, ಬೇಗ ಬೇಗ ತಿಂದವು. ಪರ್ಚ್ ಸ್ವಭಾವತಃ ಗುಂಪಿನಲ್ಲಿ ಬಾಳುವ ಮೀನು. ಮದ್ದಿನ ನೀರಿನಲ್ಲಿದ್ದವು ಮಾತ್ರ ತಮ್ಮ ಜೊತೆಯವರ ಹತ್ತಿರ ಇರುವುದನ್ನು ಕಡಿಮೆ ಮಾಡಿ, ಒಂಟಿಯಾಗಿ ಈಜತೊಡಗಿದವು.